ಸುರಗಿಬೇಲೆ ಪಟ್ಟಣವಾದ ವರ್ಷ

ರೈಲು ಸುರಗಿಬೇಲೆಯಲ್ಲಿ ನಿಲ್ಲುವ ಮೊದಲೇ ನನ್ನ ಮೂಗು ತಯಾರಾಗಿತ್ತು. ಕುಮಟೆ ಬಿಟ್ಟು ಹೊನ್ನಾವರ ಮುಟ್ಟುವುದರೊಳಗೆ ಸಿಗುವ ಈ ಸಣ್ಣ ಸ್ಟೇಷನ್ನಿನಲ್ಲಿ ಇಳಿದವರನ್ನು ಮೊದಲು ಎದುರುಗೊಳ್ಳುತ್ತಿದ್ದದ್ದು ಒಣಮೀನಿನ ವಾಸನೆ. ಹೊಸಬರು ಕರವಸ್ತ್ರ ಹುಡುಕುತ್ತಿದ್ದರು. ಹಳಬರಿಗೆ ಮನೆ ಬಂತು ಅನ್ನಿಸುತ್ತಿತ್ತು. ಮೊನ್ನೆ ಮಾಘದ ಬಿಸಿಲಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ನಿಂತು ಎರಡು ಸಲ ಉಸಿರೆಳೆದೆ. ಬಿಸಿ ಟಾರು, ಯಾರೋ ಹಚ್ಚಿಕೊಂಡ ಸೆಂಟು, ಭಜೆ ಕರಿದ ಎಣ್ಣೆ. ಮೀನಿನ ಸುಳಿವೇ ಇಲ್ಲ. ಅರವತ್ತೈದರ ನನ್ನ ಮೂಗೇ ಕೆಟ್ಟಿರಬೇಕೆಂದು ಒಂದು ಕ್ಷಣ ಆಸೆಪಟ್ಟೆ. ಮೂಗು ಕೆಟ್ಟಿರಲಿಲ್ಲ.

ಬಂದದ್ದು ಭಾಷಣಕ್ಕೆ. ಸುರಗಿಬೇಲೆ ಪಟ್ಟಣ ಪಂಚಾಯ್ತಿಯ ವಾರ್ಷಿಕೋತ್ಸವ. ವಾರದ ಹಿಂದೆ ಉಮೇಶ ಫೋನು ಮಾಡಿದ್ದ. ನಾನು ಆ ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಬಾಡಿಗೆಗಿದ್ದದ್ದು ಅವನ ತಾಯಿ ಗುಲಾಬಕ್ಕನ ಮನೆಯಲ್ಲಿ. ಆಗ ದೋಣಿಗೆ ಹೋಗುತ್ತಿದ್ದವನು ಈಗ ಪಂಚಾಯ್ತಿಯ ಮೆಂಬರು.

"ಸ್ಮರಣ ಸಂಚಿಕೆ ತೆಗೀತಾ ಇದ್ದೇವೆ ಮಾಸ್ತರ್ರೆ. ಊರಿನ ಇತಿಹಾಸ ಮತ್ತು ಬೆಳವಣಿಗೆ ಅಂತ ನೀವೊಂದು ಬರೀಬೇಕು, ಬಂದು ಮಾತಾಡ್ಲೂಬೇಕು. ನಿಮ್ ಕೈಯಿಂದ್ಲೇ ಅಲ್ದಾ ಊರು ಪಟ್ಟಣ ಆದದ್ದು?"

ಅವನು ಹೊಗಳಿಕೆಗೆಂದೇ ಹೇಳಿದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಾಗಾಲದ ನಮ್ಮ ಮನೆಯಲ್ಲಿ ಕೂತು ಸಂಚಿಕೆಗೆ ಎರಡು ಪುಟ ಬರೆದುಕೊಟ್ಟೆ: ಮೊದಲು ಕಡವಿನ ದೋಣಿ ಇತ್ತು, ಆಮೇಲೆ ಸೇತುವೆ ಬಂತು, ರೈಲು ಬಂತು, ಹೆದ್ದಾರಿ ಅಗಲವಾಯಿತು, ಊರು ಬೆಳೆಯಿತು. ಅದರಲ್ಲಿ ಒಂದು ಸುಳ್ಳೂ ಇಲ್ಲ. ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವರ್ಗವಾಗಿ ಬಂದಾಗ ಸುರಗಿಬೇಲೆ ಪಟ್ಟಣವಾಗಿರಲಿಲ್ಲ, ಹಳ್ಳಿಯಾಗಿಯೂ ಪೂರ್ತಿ ಉಳಿದಿರಲಿಲ್ಲ. ಹೆದ್ದಾರಿಯ ಬದಿಗೆ ಹೊಸ ಮನೆಗಳು ಏಳುತ್ತಿದ್ದವು. ಕುಮಟೆಯ ಕಾಲೇಜಿನವರು, ಹೊನ್ನಾವರದ ಆಸ್ಪತ್ರೆಯ ನರ್ಸುಗಳು, ಭಟ್ಕಳದ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವವರು, ಎಲ್ಲರೂ ಬಾಡಿಗೆ ಅಗ್ಗವೆಂದು ಇಲ್ಲಿ ಬಿಡಾರ ಹೂಡುತ್ತಿದ್ದರು. ಬೆಳಿಗ್ಗೆ ಎಂಟಾಯಿತೆಂದರೆ ಅರ್ಧ ಊರು ಟೆಂಪೋ ಹತ್ತಿ ಹೋಗಿಬಿಡುತ್ತಿತ್ತು. ಸಂಜೆ ಅದೇ ಅರ್ಧ ಊರು ಕಾಯಿಪಲ್ಲೆ ಚೀಲ ಹಿಡಿದು ಇಳಿಯುತ್ತಿತ್ತು. ಅವರಿಗೆ ಈ ಊರೆಂದರೆ ಮಲಗುವ ಕೋಣೆ.

ಇನ್ನರ್ಧ ಊರು ಕಡಲ ಬದಿಗೆ, ತೆಂಗಿನ ಸಾಲಿನಾಚೆ. ಮೀನುಗಾರರ ಕೇರಿ. ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ. ನನ್ನನ್ನು ಕಂಡೊಡನೆ ಮಾತು ಕೊಂಕಣಿಯಿಂದ ಕನ್ನಡಕ್ಕೆ ಹೊರಳುತ್ತಿತ್ತು, ಅಷ್ಟು ಮರ್ಯಾದೆ ಮಾಸ್ತರರಿಗೆ. ಗುಲಾಬಕ್ಕ ಮಾತ್ರ ಕೆಲವು ಸಲ ಮರೆತು ಕೊಂಕಣಿಯಲ್ಲೇ ಬೈದುಬಿಡುತ್ತಿದ್ದಳು. ನನ್ನನ್ನು ಮನೆಯವನೆಂದು ಎಣಿಸಿದ್ದಾಳೆಂದು ಅದರಿಂದಲೇ ನನಗೆ ತಿಳಿಯುತ್ತಿತ್ತು.

ಗಂಡ ತೀರಿಹೋದ ಮೇಲೆ ಅವಳು ಮನೆ ನಡೆಸಿದ್ದು ಬೇಲೆಯ ಮೇಲೆ. ಬೇಲೆ ಎಂದರೆ ಕಡಲಂಚಿನ ಮರಳು. ದೋಣಿ ತಂದ ತಾರಲೆ, ಬಂಗಡೆ, ಸಿಗಡಿ ಎಲ್ಲ ಅಲ್ಲಿ ಹಳೆ ಬಲೆಗಳ ಮೇಲೆ ಹರಡಿ ಒಣಗಬೇಕು. ಮೂರು ದಿನದ ಬಿಸಿಲು, ಗಂಟೆಗೊಮ್ಮೆ ಮಗುಚುವುದು, ಕಾಗೆ ನಾಯಿ ಕಾಯುವುದು. ಕೇರಿಯ ಒಬ್ಬೊಬ್ಬ ಹೆಂಗಸಿಗೂ ಅಲ್ಲಿ ಒಂದೊಂದು ಜಾಗ. ಜಾಗಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಇದ್ದದ್ದು ಒಂದು ಕಲ್ಲು. ಅತ್ತೆ ಸೊಸೆಗೆ ಕೊಡುವ ಕಲ್ಲು. ಗುಲಾಬಕ್ಕನದು ಕರಿಯ ಚಪ್ಪಟೆ ಕಲ್ಲು, ಒಂದು ಬದಿಗೆ ಸುಣ್ಣದ ಪಟ್ಟೆ. ಅದು ಎಲ್ಲಿ ಕೂತಿದೆಯೋ ಅಲ್ಲಿಂದ ಮುಂದಿನ ಕಲ್ಲಿನವರೆಗೆ ಅವಳ ಜಾಗ. ಯಾರೂ ಒಂದು ಗೇಣು ಒತ್ತುತ್ತಿರಲಿಲ್ಲ.

ಮಳೆಗಾಲದಲ್ಲಿ ಕಡಲು ಬೇಲೆಯ ಮೇಲೆ ಏರಿ ಬರುತ್ತದೆ. ಆದ್ದರಿಂದ ಮೊದಲ ಮಳೆಗೆ ಹೆಂಗಸರು ತಂತಮ್ಮ ಕಲ್ಲು ಎತ್ತಿ ಮನೆಗೆ ತಂದು, ತೊಳೆದು, ಕುಂಕುಮ ಇಟ್ಟು ಮಾಡಿನ ಕೆಳಗೆ ಇಡುವುದು. ನೂಲಹುಣ್ಣಿಮೆಗೆ ಗಂಡಸರು ಕಡಲಿಗೆ ತೆಂಗಿನಕಾಯಿ ಬಿಟ್ಟ ಮರುದಿನ ಕಲ್ಲು ತಲೆಯ ಮೇಲೆ ಹೊತ್ತು ಹೋಗಿ ಪುನಃ ಇಡುವುದು. ಎರಡು ತಿಂಗಳು ಬೇಲೆ ಬೋಳಾಗಿ ಬಿದ್ದಿರುತ್ತಿತ್ತು. ಹೊರಗಿನವರು ನೋಡಿದರೆ ಹೇಳುವವರು ಕೇಳುವವರಿಲ್ಲದ ಜಾಗ ಅನ್ನಬೇಕು. ಅಂದರು ಕೂಡ.

ಆ ವರ್ಷ ಮನೆಮನೆ ಸಮೀಕ್ಷೆ ಬಂದದ್ದು ಆಷಾಢದ ಜಡಿಮಳೆಯಲ್ಲಿ. ಸರಕಾರಕ್ಕೆ ಏನು ತಿಳಿಯಬೇಕಾದರೂ ಮೊದಲು ನೆನಪಾಗುವುದು ಪ್ರಾಥಮಿಕ ಶಾಲೆಯ ಮಾಸ್ತರ. ಹೊನ್ನಾವರದಲ್ಲಿ ಒಂದು ದಿನದ ತರಬೇತಿ ಕೊಟ್ಟರು. ಊರು ಪಟ್ಟಣವಾಗಬೇಕಾದರೆ ಬೇಸಾಯ, ಮೀನುಗಾರಿಕೆ ಬಿಟ್ಟು ಬೇರೆ ಕೆಲಸದವರು ಹೆಚ್ಚಿರಬೇಕು ಎಂದು ಅಲ್ಲೇ ತಿಳಿಯಿತು. ಕೆಲಸದ ಕಾಲಮ್ಮಿನಲ್ಲಿ ವರ್ಷದ ಹೆಚ್ಚು ದಿನ ಏನು ಮಾಡುತ್ತಾರೋ ಅದನ್ನು ಕೇಳಿ ಬರೆಯಿರಿ ಎಂದು ತರಬೇತಿಯವರು ಎರಡೆರಡು ಸಲ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ. ಇದನ್ನು ಇಲ್ಲಿ ಬರೆದಿಡುವುದು ಅಗತ್ಯ.

ಕೇರಿಯಲ್ಲಿ ಕೊಡೆ ಹಿಡಿದು, ಪ್ಲಾಸ್ಟಿಕ್ಕಿನಲ್ಲಿ ಫಾರಮ್ಮು ಸುತ್ತಿಕೊಂಡು, ಜಗಲಿಯಿಂದ ಜಗಲಿಗೆ ಹಾರುತ್ತ ನಾನು ಕೇಳಿದ್ದು ಬೇರೆ. "ಈಗ ಎಂತ ಕೆಲಸ?"

ಈಗ ಎಂದರೆ ಆಷಾಢ. ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ತೆಂಗಿನ ಗರಿ ಹೊದ್ದು ಮಲಗಿವೆ. ಗಂಡಸರು ಆ ಎರಡು ತಿಂಗಳು ಸಿಕ್ಕ ಕೆಲಸಕ್ಕೆ ಹೋಗುವವರು. ಒಬ್ಬ ಗೋವೆಯ ಹೋಟೆಲಿನಲ್ಲಿ, ಒಬ್ಬ ಭಟ್ಕಳದ ಅಂಗಡಿಯಲ್ಲಿ, ಒಬ್ಬ ಬಣ್ಣ ಬಳಿಯಲು. ಉಮೇಶ ಕುಮಟೆಯ ಬೈಕ್ ಶೋರೂಮಿನಲ್ಲಿ ಟೈ ಕಟ್ಟಿ ನಿಲ್ಲುತ್ತಿದ್ದ. ಎಲ್ಲರೂ ಖುಷಿಯಿಂದ ಹೇಳಿದರು: ಸೇಲ್ಸು, ಕಂಪನಿ, ಖಾಸಗಿ ನೌಕರಿ. ಸಮೀಕ್ಷೆಯ ಪಟ್ಟಿಯನ್ನು ಪಂಚಾಯ್ತಿಯ ಗೋಡೆಗೆ ಅಂಟಿಸುತ್ತಾರಂತೆ, ಹೆಣ್ಣು ಕೊಡುವವರು ಬಂದು ಓದುತ್ತಾರಂತೆ ಎಂಬ ಗಾಳಿಸುದ್ದಿ ಬೇರೆ. ಮೀನು ಹಿಡಿಯುವವನಿಗೆ ಮೀನು ಹಿಡಿಯುವವನ ಮನೆಯಿಂದಲೂ ಹೆಣ್ಣು ಸಿಗದ ಕಾಲ. ಹೆಂಗಸರ ಸಾಲಿಗೆ ಬಂದಾಗ ಗಂಡಸರೇ ಮುಂದಾಗಿ ಹೇಳಿದರು, "ನಮ್ಮನೆ ಹೆಂಗಸ್ರು ಎಲ್ಲೂ ಹೋಗುದಿಲ್ಲ ಮಾಸ್ತರ್ರೆ. ಮನೆಕೆಲ್ಸ."

ನಾನು ಬರೆದೆ. ಬರೆಯಲು ನನಗೂ ಮನಸ್ಸಿತ್ತು. ಪಟ್ಟಣವಾದರೆ ಹೈಸ್ಕೂಲು ಬರುತ್ತದೆ, ಬಡ್ತಿ ಪಡೆದು ಇಲ್ಲೇ ಉಳಿಯಬಹುದು ಎಂಬ ಲೆಕ್ಕಾಚಾರ ಒಂದು ಕಡೆ. ಈ ಮಕ್ಕಳು ಉಪ್ಪುನೀರಿನಿಂದ ಮೇಲೆ ಬರಲಿ ಎಂಬ ಮಾಸ್ತರಿಕೆ ಇನ್ನೊಂದು ಕಡೆ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ನೌಕರಿ ಎಂಬ ಶಬ್ದ ಬರೆಯುವುದೆಂದರೆ ಕೈಗೆ ಏನೋ ಸುಖ.

ನನ್ನ ಮನೆಯೊಡತಿಯ ಮನೆಗೆ ಕೊನೆಯಲ್ಲಿ ಬಂದೆ. ಉಮೇಶ ರಜೆಯಲ್ಲಿದ್ದ. ಗುಲಾಬಕ್ಕ ಒಲೆಯ ಹತ್ತಿರ ಕೂತು ಹಳೆಯ ಬಲೆಯ ಸಿಕ್ಕು ಬಿಡಿಸುತ್ತಿದ್ದಳು. ಹಿಂದೆ ಮಾಡಿನ ಕೆಳಗೆ ಕುಂಕುಮ ಹಚ್ಚಿದ ಕಲ್ಲು.

"ನಂದು ಎಂತ ಕೇಳ್ತ್ರಿ? ನಿಮ್ಗೆ ಗೊತ್ತಿಲ್ದಿದ್ದು? ಮೀನು ಒಣಸುದು, ಮಾರುದು. ಬರ್ಕಳಿ" ಅಂದಳು.

"ಆಯೀ, ಸುಮ್ನಿರು" ಉಮೇಶ ಎದ್ದು ನಿಂತ. "ಮನೆಕೆಲ್ಸ ಅಂತ ಬರೀರಿ ಮಾಸ್ತರ್ರೆ. ಶ್ರಾವಣದಲ್ಲಿ ಕುಮಟೆಯವ್ರು ಬತ್ತ್ರು, ಹುಡುಗಿ ಬೀಕಾಂ. ಅತ್ತೆ ಬೇಲೆ ಮೇಲೆ ಕಾಗೆ ಓಡಿಸ್ತಾಳೆ ಅಂದ್ರೆ ಕೊಡ್ತ್ರಾ?"

ಗುಲಾಬಕ್ಕ ನಕ್ಕಳು. "ಮನೆಕೆಲ್ಸ! ಒಂದು ಪಾತ್ರೆ ತಿಕ್ಕುಕೂ ಪುರ್ಸೊತ್ತಿಲ್ಲ ನಂಗೆ. ನೀನೇ ಅಲ್ದಾ ಅನ್ನ ಬಸಿಯುದು?"

ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ನೀವ್ ಕಲ್ತವ್ರು ಮಾಸ್ತರ್ರೆ. ಯಾವ್ದು ಬರೆದ್ರೆ ಮುಂದೆ ತೊಂದ್ರೆ ಇಲ್ಲ, ನೋಡಿ ಬರೀರಿ."

ನಾನು ನೋಡಿದೆ. ಉಮೇಶನ ಮುಖ ನೋಡಿದೆ, ಹೊರಗೆ ಬೋರೆಂದು ಬೀಳುವ ಮಳೆ ನೋಡಿದೆ, ಇನ್ನೂ ಖಾಲಿ ಇದ್ದ ಫಾರಮ್ಮುಗಳ ಕಟ್ಟು ನೋಡಿದೆ. ಶಾಯಿಯಲ್ಲಿ, ನನ್ನ ದುಂಡಕ್ಷರದಲ್ಲಿ ಬರೆದೆ: ಮನೆಗೆಲಸ. ಅವಳು ಹೆಬ್ಬೆಟ್ಟು ಒತ್ತಲಿಲ್ಲ, ಓರೆಕೋರೆಯಾಗಿ ಸಹಿ ಮಾಡಿದಳು. ಆ ಸಹಿ ಅವಳಿಗೆ ಕಲಿಸಿದವನು ನಾನೇ.

ನೂಲಹುಣ್ಣಿಮೆ ಬಂತು. ಕಡಲಿಗೆ ಕಾಯಿ ಬಿಟ್ಟರು. ಮರುದಿನ ಹೆಂಗಸರು ಸಾಲಾಗಿ ಕಲ್ಲು ಹೊತ್ತು ಹೋಗುವುದನ್ನು ಶಾಲೆಯ ಕಿಟಕಿಯಿಂದ ನೋಡಿದೆ. ಬೇಲೆಯಲ್ಲಿ ಹೊಸ ಮೀನು ಹರಡಿತು, ವಾಸನೆ ತರಗತಿಯೊಳಗೆ ಬಂತು. ಕುಮಟೆಯವರು ಬಂದು ನೋಡಿ ಹೋದರು, ಮದುವೆ ನಿಶ್ಚಯವಾಯಿತು. ಮಾಘದ ಹೊತ್ತಿಗೆ ಊರು ಪಟ್ಟಣವೆಂದು ಆದೇಶ ಬಂತು. ಪಂಚಾಯ್ತಿಯ ಎದುರು ಪಟಾಕಿ ಹೊಡೆದರು, ಪೇಡೆ ಹಂಚಿದರು. ಹೊಸ ಬೋರ್ಡಿನ ಅಕ್ಷರ ತಿದ್ದಿಕೊಟ್ಟದ್ದು ನಾನು. ಗುಲಾಬಕ್ಕ ಅಂದು ಒಣಬಂಗಡೆಯ ಒಂದು ಕಟ್ಟು ತಂದು, "ಪಟ್ಟಣದ ಮಾಸ್ತರ್ರಿಗೆ" ಎಂದು ಚಾಷ್ಟಿ ಮಾಡುತ್ತ, ನಗುತ್ತ ಕೊಟ್ಟಳು. ಅಷ್ಟು ನಗುತ್ತಿದ್ದ ಗುಲಾಬಕ್ಕನನ್ನು ನಾನು ಆಮೇಲೆ ಕಾಣಲಿಲ್ಲ.

ಚೈತ್ರ ಮುಗಿಯುವಾಗ ನೋಟೀಸು ಬಂತು. ಹೊಸ ಪಟ್ಟಣಕ್ಕೆ ಹೊಸ ಯೋಜನೆ: ಬೇಲೆಯ ಮೇಲಿನ ಖಾಲಿ ಜಾಗದಲ್ಲಿ ಉದ್ಯಾನ, ನಡೆಯುವ ದಾರಿ, ವಾಹನ ನಿಲ್ಲಿಸುವ ಜಾಗ. ಅಪ್ಸರಕೊಂಡಕ್ಕೆ ಬರುವ ಪ್ರವಾಸಿಗರು ಇಲ್ಲಿಗೂ ಬರುತ್ತಾರೆ ಎಂಬ ಆಸೆ. ಆಕ್ಷೇಪಣೆ ಇದ್ದವರು ಅಹವಾಲು ಸಭೆಗೆ ಬನ್ನಿ ಎಂದಿತ್ತು.

ಸಭೆ ನಡೆದದ್ದು ನನ್ನ ಶಾಲೆಯ ದೊಡ್ಡ ಕೋಣೆಯಲ್ಲೇ. ಕೇರಿಯ ಅಷ್ಟೂ ಹೆಂಗಸರು ಬಂದು ಮಕ್ಕಳ ಸಣ್ಣ ಬೆಂಚುಗಳ ಮೇಲೆ ಕೂತರು. ಮೇಲಿನಿಂದ ಬಂದ ಅಧಿಕಾರಿ ಕೆಟ್ಟವನೇನಲ್ಲ, ದನಿ ಏರಿಸಲಿಲ್ಲ. ಫೋಟೋ ತೋರಿಸಿದ. ಹಿಂದಿನ ಆಷಾಢದಲ್ಲಿ ಜಾಗ ನೋಡಲು ಬಂದವರು ತೆಗೆದದ್ದು: ಬೋಳು ಬೇಲೆ, ಒಂದು ಕಲ್ಲೂ ಇಲ್ಲ.

"ಮಳೆಗಾಲದಲ್ಲಿ ಕಲ್ಲು ಮನೆಲ್ಲಿ ಇರ್ತದೆ ಸಾಯ್ಬ್ರೆ" ಎಂದು ಗುಲಾಬಕ್ಕ ಎದ್ದು ಹೇಳಿದಳು. "ಇವತ್ತು ಬನ್ನಿ, ಈಗ್ಲೇ ಬನ್ನಿ. ಮೀನು ಹರಡಿ ಬಂದಿದ್ದೇನೆ, ತೋರಿಸ್ತೆ."

"ನೋಡಮ್ಮ, ನೀವು ಒಣಗಿಸುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಈ ವೃತ್ತಿಯಿಂದಲೇ ಬದುಕುವವರು ಇದ್ದರೆ ಮಾತ್ರ ಜಾಗ ಬಿಡಲು ಬರುತ್ತದೆ. ಸಮೀಕ್ಷೆ ಪ್ರಕಾರ ಈ ಕೇರಿಯಲ್ಲಿ ಅಂಥವರು ಒಬ್ಬರೂ ಇಲ್ಲ." ಅವನು ಪುಟ ತಿರುವಿದ. "ಗುಲಾಬಿ ಅಂದರೆ ನೀವೇ ಅಲ್ಲವೇ? ಇಲ್ಲಿ ಮನೆಗೆಲಸ ಅಂತ ಇದೆ. ನಿಮ್ಮದೇ ಸಹಿ."

ಅವಳು ಆ ಹಾಳೆಯ ಹತ್ತಿರ ಹೋಗಿ ತನ್ನ ಸಹಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ನಾ ಎಂತ ಮಾಡ್ತೆ, ಎಂತ ಹೇಳ್ದೆ, ಮಾಸ್ತರ್ರಿಗೆ ಗೊತ್ತದೆ. ಅವ್ರನ್ನೇ ಕೇಳಿ" ಅಂದಳು. ದನಿಯಲ್ಲಿ ಸಂಶಯವೇ ಇರಲಿಲ್ಲ.

ಅಧಿಕಾರಿ ನನ್ನನ್ನು ಕರೆದ. "ಬರೆದದ್ದು ನೀವೇ ತಾನೆ? ತಪ್ಪಾಗಿ ನಮೂದಾಗಿದ್ದರೆ ಈಗಲೇ ಹೇಳಿ. ಬರೆದುಕೊಳ್ಳುತ್ತೇನೆ."

ಬೆಂಚುಗಳ ಮೇಲಿದ್ದ ಅಷ್ಟೂ ಮುಖ ನನ್ನ ಕಡೆ ತಿರುಗಿತ್ತು. ಬಾಗಿಲಲ್ಲಿ ಉಮೇಶ ನಿಂತಿದ್ದ. ಮದುವೆಯಾಗಿ ಎರಡು ತಿಂಗಳು, ತಲೆ ತಗ್ಗಿಸಿದ್ದ. ತಪ್ಪು ನಮೂದು ಎಂದರೆ ಒಂದು ಸಾಲಿನ ತಪ್ಪಲ್ಲ, ಇಡೀ ಕೇರಿಯ ತಪ್ಪು. ಕೇಳಬೇಕಾದ ಪ್ರಶ್ನೆ ಕೇಳಲಿಲ್ಲವೇಕೆ ಎನ್ನುತ್ತಾರೆ. ಅಮಾನತು ಮಾಡುತ್ತಾರೆ. ಊರಿಗೆ ಸಿಕ್ಕ ಪಟ್ಟಣದ ಪಟ್ಟವೂ ಹೋಗಬಹುದು, ಹೈಸ್ಕೂಲೂ ಹೋಗಬಹುದು. ಇಷ್ಟೆಲ್ಲ ಯೋಚಿಸಲು ಮನುಷ್ಯನಿಗೆ ಎಷ್ಟು ಕಡಿಮೆ ಹೊತ್ತು ಸಾಕು ಎಂದು ಅಂದು ತಿಳಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಅವರು ಹೇಳಿದ್ದನ್ನೇ ಬರೆದಿದ್ದೇನೆ ಸಾರ್" ಅಂದೆ.

ಅದರಲ್ಲೂ ಪೂರ್ತಿ ಸುಳ್ಳಿರಲಿಲ್ಲ. ಅವರು ಎಂದರೆ ಯಾರು ಎಂದು ಅಧಿಕಾರಿ ಕೇಳಲಿಲ್ಲ. ಗುಲಾಬಕ್ಕ ಕೂಗಾಡಲಿಲ್ಲ, ಶಪಿಸಲಿಲ್ಲ, ಕೊಂಕಣಿಯಲ್ಲಿ ಬೈಯಲೂ ಇಲ್ಲ. "ಆತು" ಅಂದಳು. ಅಷ್ಟೇ. ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಮೀನು ಮಗುಚುವ ಹೊತ್ತಾಗಿತ್ತು.

ಮರುದಿನ ಮಧ್ಯಾಹ್ನ ಎಂದಿನಂತೆ ನನ್ನ ಕೋಣೆಗೆ ಮೀನುಸಾರು ಬಂತು. ಅದರ ಮರುದಿನವೂ ಬಂತು. ನಿಲ್ಲಿಸಿಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಪಾತ್ರೆ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ನಾನು ಪಾತ್ರೆ ತೊಳೆದು ಅಲ್ಲೇ ಇಡುತ್ತಿದ್ದೆ. ಬೇಲೆಗೆ ಜೆಸಿಬಿ ಇಳಿಯುವ ಮೊದಲೇ, ಶಾಲೆ ಶುರುವಾಗುವ ಹೊತ್ತಿಗೆ ವರ್ಗ ಮಾಡಿಸಿಕೊಂಡು ಕತಗಾಲಕ್ಕೆ ಹೋದೆ. ಕಡಲು ಕಾಣದ ಊರು ಬೇಕಾಗಿತ್ತು ನನಗೆ. ಆ ವರ್ಷದ ಮೊದಲ ಮಳೆಗೆ ಹೆಂಗಸರು ಎಂದಿನಂತೆ ಕಲ್ಲು ಮನೆಗೆ ತಂದರಂತೆ. ನೂಲಹುಣ್ಣಿಮೆಯ ಮರುದಿನ ಹೊತ್ತುಕೊಂಡು ಹೋದರೆ ಬೇಲೆಗೆ ಬೇಲಿ ಬಿದ್ದಿತ್ತಂತೆ. ಕಲ್ಲು ತಲೆಯ ಮೇಲೆಯೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದರಂತೆ. ಇದನ್ನು ನನಗೆ ಹೇಳಿದವರು ಸುಮ್ಮನೆ ಸುದ್ದಿಯೆಂದು ಹೇಳಿದರು. ಕತಗಾಲದ ಬಸ್‌ಸ್ಟಾಪಿನಲ್ಲಿ ನಿಂತು ಕೇಳಿದೆ. ಆ ಸಾಲನ್ನು ನಾನು ಕಣ್ಣಾರೆ ಕಾಣಲಿಲ್ಲ, ಆದರೂ ಕಂಡದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೊನ್ನೆ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಎರಡು ಪುಟ ಓದಿದೆ. ಕಡವು, ಸೇತುವೆ, ರೈಲು, ಹೆದ್ದಾರಿ. ಚಪ್ಪಾಳೆ ಬಿತ್ತು. ರಜೆಯ ದಿನವಾದ್ದರಿಂದ ಊರಿನವರು ಊರಲ್ಲಿದ್ದರು. ಮಾತಾಡುವ ಮೊದಲು ಬೇಲೆ ನೋಡಿ ಬಂದಿದ್ದೆ: ಸಿಮೆಂಟಿನ ಇಟ್ಟಿಗೆ ಹಾಸಿದ ನೆಲ, ಸಾಲಾಗಿ ನಿಂತ ಕಾರುಗಳು, ಬಣ್ಣ ಹೋದ ಜಾರುಬಂಡಿ. ಹೈಸ್ಕೂಲು ಇವತ್ತಿಗೂ ಬಂದಿಲ್ಲ. ಮಕ್ಕಳು ಟೆಂಪೋ ಹತ್ತಿ ಹೊನ್ನಾವರಕ್ಕೆ ಹೋಗುತ್ತಾರೆ. ಕೇರಿಯ ಗಂಡಸರಲ್ಲಿ ದೋಣಿ ಇಟ್ಟುಕೊಂಡವರು ಕಡಿಮೆ. ಮೀನು ಒಣಗಿಸಲು ಜಾಗವಿಲ್ಲದ ಮೇಲೆ ಸಿಕ್ಕ ಬೆಲೆಗೆ ಹಸಿಯಾಗಿಯೇ ಲಾರಿಗೆ ಹಾಕಬೇಕು. ಸಣ್ಣ ದೋಣಿಗೆ ಅದು ಗಿಟ್ಟುವುದಿಲ್ಲ. ಎಂಟು ಗಂಟೆಗೆ ಈಗ ಹೊರಡುವುದು ಅರ್ಧ ಊರಲ್ಲ, ಪೂರ್ತಿ ಊರು. ಆ ಆಷಾಢದಲ್ಲಿ ನಾನು ಬರೆದುಕೊಂಡ ಸೇಲ್ಸು, ಕಂಪನಿ, ಖಾಸಗಿ ನೌಕರಿ ಎಲ್ಲ ಅಕ್ಷರಶಃ ನಿಜವಾಗಿದೆ.

ಊಟಕ್ಕೆ ಉಮೇಶ ಮನೆಗೆ ಕರೆದೊಯ್ದ. ಎರಡು ಮಹಡಿ, ಮೇಲಿನದು ಬಾಡಿಗೆಗೆ. ಅವನ ಹೆಂಡತಿ ಕುಮಟೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹಿತ್ತಲಲ್ಲಿ ನಲ್ಲಿಯ ಕೆಳಗೆ ಗುಲಾಬಕ್ಕ ಬಟ್ಟೆ ಒಗೆಯುತ್ತಿದ್ದಳು. ಸಣ್ಣಗಾಗಿದ್ದಳು. ಒಗೆಯುತ್ತಿದ್ದದ್ದು ಒಂದು ಕರಿಯ ಚಪ್ಪಟೆ ಕಲ್ಲಿನ ಮೇಲೆ. ಸೋಪಿನಲ್ಲಿ ಸುಣ್ಣದ ಪಟ್ಟೆ ಹೋಗಿತ್ತು. ಕಲ್ಲನ್ನು ನಾನು ಗುರುತಿಸಿದೆನೆಂದು ಅವಳಿಗೆ ತಿಳಿಯಿತು.

"ಬನ್ನಿ ಮಾಸ್ತರ್ರೆ. ಬಡವಾಗಿದ್ರಲ್ಲ" ಅಂದಳು. ಕೈ ಒರೆಸಿಕೊಂಡು ಚಾ ಮಾಡಿ ತಂದಳು. ಉಮೇಶನಿಗೆ ಯಾರದೋ ಫೋನು ಬಂತು, ಹೊರಗೆ ಹೋದ. ನಾನು ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡು ತಿರುಗಿದ ಮಾತು ಹೇಗೋ ಹೊರಗೆ ಬಂತು.

"ಗುಲಾಬಕ್ಕ, ಆವತ್ತು ನಾನು ಹೇಳಬೇಕಿತ್ತು. ನೀನು ಮೀನು ಅಂದಿದ್ದೆ. ನಾನು..."

"ಚಾ ಆರ್ತದೆ, ಕುಡೀರಿ."

ಕುಡಿದೆ. ಅವಳು ನೆಲದ ಮೇಲೆ ಕೂತು, ಬೆಳೆದ ಮೊಮ್ಮಗಳ ಯೂನಿಫಾರಮ್ಮು ಮಡಚತೊಡಗಿದಳು. ಚೆನ್ನಾಗಿ ಮಡಚುತ್ತಿದ್ದಳು.

"ಹ್ವಾದ ತಿಂಗ್ಳು ಮತ್ತೆ ಬಂದಿದ್ರು ಬರ್ಕಳುಕೆ" ಅಂದಳು. "ಒಂದು ಹುಡುಗಿ. ಮೊಬೈಲ್ನಲ್ಲೇ ಬರೀತದೆ. ಪಾಪ, ನಿಮ್ಮಂಗಲ್ಲ, ಸಾವಕಾಶ ಕೂತು ಸರೀ ಕೇಳ್ತು. ಅಜ್ಜಿ, ವರ್ಷ ಇಡೀ ನೀವು ಎಂತ ಕೆಲ್ಸ ಮಾಡ್ತ್ರಿ ಅಂತ."

ಮಡಚಿದ ಬಟ್ಟೆಯ ಮೇಲೆ ಅಂಗೈ ಒತ್ತಿ ನೀವಿದಳು.

"ಮನೆಕೆಲ್ಸ ಅಂದೆ. ಈ ಸಲ ಯಾರೂ ಹೇಳ್ಕೊಡ್ಲಿಲ್ಲ ಮಾಸ್ತರ್ರೆ. ನಾನೇ ಹೇಳ್ದೆ."